ರಾಧಾಮಣಿಯ ಹೆಪ್ಪು

"ಕೊಟ್ಟ ಹೇಲ್ನ ವಾಪಸ್ ಕೇಳೋ ನನ್ಮಗನ್ನ ಇವತ್ತೇ ಕಣ್ರಪ್ಪಾ ನಾನು ನೋಡಿದ್ದು!"

ಲೋಕೇಶ ಹೀಗೆಂದದ್ದು ಹುಣಸೆಪಾಳ್ಯದ ಡೈರಿ ಅಂಗಳದಲ್ಲಿ, ಬೆಳಗಿನ ಹಾಲು ಹಾಕಲು ಬಂದಿದ್ದ ಅರ್ಧ ಊರಿನ ಎದುರಿಗೆ. ಕ್ಯಾನು ಹಿಡಿದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಗಂಡಸರಿಗೆ ಸೆರಗಿನ ಹಂಗಿಲ್ಲವಲ್ಲ, ಬಾಯಿಬಿಟ್ಟೇ ನಕ್ಕರು. ಹಾಲಿನ ಫ್ಯಾಟ್ ನೋಡುತ್ತಿದ್ದ ಸೆಕ್ರೆಟರಿ ಮಿಷನ್ನು ಬಿಟ್ಟು ಕಿಟಕಿಗೆ ಬಂದ. ಇಷ್ಟು ಜನ ನಕ್ಕ ಮೇಲೆ ಲೋಕೇಶ ನಿಲ್ಲಿಸುವವನೇ?

"ಅವ್ವ ಸತ್ತು ವರ್ಷ ತುಂಬಕ್ ಬಂತು, ಇವನಿಗಿನ್ನೂ ಮೊಲೆ ಬುಡ್ಸಿಲ್ಲ. ಅವ್ವನ ಮೊಸ್ರಂತೆ! ಹೋಗ್ಲಾ ನಟ್ಟ, ಯಾವ್ದಾದ್ರೂ ಕಕ್ಕಸ್ ಗುಂಡಿ ಒಳಗೆ ಹುಡುಕ್ಕೋ ಹೋಗು ನಿಮ್ಮವ್ವನ್ನ."

ನಗು ಅಲ್ಲಿಗೆ ನಿಂತಿತು. ನಟರಾಜುವಿನ ಕೈ ಎಂಥದ್ದು ಅಂತ ಊರಿಗೆ ಗೊತ್ತು. ಅವ್ವನ ಹೆಸರು ಹಿಡಿದು ಒಂದು ಮಾತು ಆಡಿದ್ದಕ್ಕೆ ಕುದೂರು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನ ಮುಂದಿನ ಹಲ್ಲು ಕೆಡವಿ ಬಂದವನು ಅವನು. ಹತ್ತಿರ ನಿಂತಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಆದರೆ ನಟರಾಜು ಲೋಕೇಶನ ಕಡೆ ತಿರುಗಲೂ ಇಲ್ಲ. ಬೆಂಗಳೂರಿನಿಂದ ಬಂದಿದ್ದ ಡಾಕ್ಟರಮ್ಮನ ಮುಖವನ್ನೇ ನೋಡುತ್ತಾ, ಅದೇ ಮಾತನ್ನು ಇನ್ನೊಮ್ಮೆ ಕೇಳಿದ.

"ಮೇಡಂ, ನನ್ನ ಮೊದಲ್ನೇ ಡಬ್ಬಿ ಎಲ್ಲೈತೆ? ಅದೊಂದ ಕೊಟ್ಬುಡಿ ನಂಗೆ."

ಹುಚ್ಚನ ಮಾತಿನಂತೆ ಕೇಳಿಸಿದರೂ ಇದು ಹುಚ್ಚಲ್ಲ.

ನಟರಾಜುವಿನ ಅವ್ವ ರಾಧಾಮಣಿ ಹೋದದ್ದು ಹೊಟ್ಟೆ ಕೆಟ್ಟು. ಮೊದಲು ಭೇದಿ, ಆಮೇಲೆ ಜ್ವರ, ಆಮೇಲೆ ಮಾಗಡಿ ಆಸ್ಪತ್ರೆ, ಅಲ್ಲಿಂದ ಬೆಂಗಳೂರು. ಕರುಳಿನ ಸೋಂಕು ರಕ್ತಕ್ಕೆ ಹತ್ತಿದೆ ಅಂದರು. ಹೆಣ ತಂದು ಮಣ್ಣು ಮಾಡಿ ಬಂದ ದಿನ ಮನೆಯೊಳಗೆ ಅವಳದು ಅಂತ ಜೀವಂತ ಉಳಿದಿದ್ದು ಒಂದೇ ಒಂದು: ನೆಲುವಿನ ಮೇಲೆ, ಮಡಕೆಯ ತಳದಲ್ಲಿ ಎರಡು ಚಮಚ ಮೊಸರು. ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ಅವಳೇ ಹೆಪ್ಪು ಹಾಕಿದ್ದು. ಹುಳಿಯಾಗಿ ನೀರೊಡೆದಿತ್ತು. ಅಳುವವರ ನಡುವಿನಿಂದ ಎದ್ದುಹೋದ ನಟರಾಜು ಹಾಲು ಕಾಯಿಸಿ, ಆರಿಸಿ, ಅದರೊಳಗೆ ಆ ಎರಡು ಚಮಚ ಬಿಟ್ಟ. ಮಾರನೇ ದಿನ ಮೊಸರಾಯಿತು. ಅಪ್ಪ ಬೋರಲಿಂಗಯ್ಯ ಮೂರು ದಿನದಿಂದ ಒಂದು ತುತ್ತು ನುಂಗಿರಲಿಲ್ಲ; ಆ ಮೊಸರಿನಲ್ಲಿ ಅನ್ನ ಕಲಸಿಕೊಟ್ಟರೆ ಬಾಯಿಗಿಟ್ಟು, "ಅವಳ ಕೈ ಐತೆ ಕಣ್ಲಾ ಇದ್ರಲ್ಲಿ" ಅಂದ. ತಟ್ಟೆ ಖಾಲಿ ಮಾಡಿದ.

ಅಲ್ಲಿಂದ ಅದೇ ಮನೆಯ ನೇಮವಾಯಿತು. ಗಂಡ ತೀರಿಕೊಂಡು ತವರಿಗೆ ಬಂದಿದ್ದ ಸೋದರತ್ತೆ ಕೆಂಚಮ್ಮ ದಿನಾ ಸಂಜೆ ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವಳು. ರಾಧಾಮಣಿ ಮುಟ್ಟಿದ್ದು ಇದನ್ನು ಮುಟ್ಟಿತು, ಇದು ನಾಳೆಯದನ್ನು ಮುಟ್ಟುತ್ತದೆ. ಎಂಟನೇ ಕ್ಲಾಸಿಗೆ ಇಸ್ಕೂಲು ಬಿಟ್ಟು, ತೆಂಗಿನಕಾಯಿ ಸಾಗಿಸುವ ಲಗೇಜ್ ಆಟೋ ಓಡಿಸಿಕೊಂಡಿದ್ದ ನಟರಾಜುವಿಗೆ ಇದನ್ನು ಯಾರೂ ಪಾಠ ಹೇಳಬೇಕಿರಲಿಲ್ಲ. ಅವ್ವ ಹೋಗಿದ್ದಾಳೆ, ಅವ್ವನ ಮೊಸರು ಹೋಗಿಲ್ಲ. ಅದು ಇರುವವರೆಗೂ ಅಪ್ಪ ಉಣ್ಣುತ್ತಾನೆ. ಅಷ್ಟೇ.

ಹೀಗಿರುವಾಗ ಬಂದದ್ದು ಈ ಡಬ್ಬಿ ಮೊಸರಿನ ಪರೀಕ್ಷೆ. ಬೆಂಗಳೂರಿನ ಯಾವುದೋ ಕಾಲೇಜಿನದು. ಊರಿನವನೇ ಆದ, ಬಿಎಸ್ಸಿ ಓದಿದ ಲೋಕೇಶನಿಗೆ ಅದರಲ್ಲಿ ಕೆಲಸ ಸಿಕ್ಕಿತ್ತು. ಕತ್ತಿಗೆ ಕಾರ್ಡು ನೇತಾಕಿಕೊಂಡು ಡೈರಿ ಅಂಗಳದಲ್ಲಿ ಓಡಾಡುತ್ತಿದ್ದ. ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: ಕರುಳಿನ ಗೋಡೆಗೆ ಮೈಯೇ ಒದಗಿಸುವ ಒಂದು ಕಾವಲು ಇರುತ್ತದೆ, ಕೆಟ್ಟ ರೋಗಾಣು ಬಂದರೆ ಅಲ್ಲೇ ತಡೆಯುತ್ತದೆ. ಜೀವ ಇರುವ ಒಳ್ಳೆಯ ಬ್ಯಾಕ್ಟೀರಿಯಾ ಸೇರಿಸಿದ ಮೊಸರು ತಿಂದರೆ, ಕಾಯಿಲೆ ಕಸಾಲೆ ಇಲ್ಲದ ಗಟ್ಟಿಮುಟ್ಟಾದವರಲ್ಲೂ ಆ ಕಾವಲು ಹೆಚ್ಚುತ್ತದೆಯೋ ಇಲ್ಲವೋ ನೋಡಬೇಕು. ದಿನಕ್ಕೊಂದರಂತೆ ಕೆಲವರಿಗೆ ನೀಲಿ ಮುಚ್ಚಳದ ಡಬ್ಬಿ, ಕೆಲವರಿಗೆ ಬಿಳಿ ಮುಚ್ಚಳದ್ದು. ಒಂದರಲ್ಲಿ ಆ ಬ್ಯಾಕ್ಟೀರಿಯಾ ಇದೆ, ಇನ್ನೊಂದರಲ್ಲಿ ಬರೀ ಮೊಸರು. ಯಾವುದು ಯಾವುದು ಅಂತ ತಮಗೂ ಗೊತ್ತಿಲ್ಲ. ಮೊದಲ ದಿನ ಒಂದು ಸಲ, ಕೊನೆಯ ದಿನ ಒಂದು ಸಲ, ರಕ್ತ ಕೊಡಬೇಕು, ಪುಟ್ಟ ಡಬ್ಬಿಯಲ್ಲಿ ಮಲ ಕೊಡಬೇಕು. ನಡುವೆ ಮನೆಯ ಮೊಸರು, ಮಜ್ಜಿಗೆ ಮುಟ್ಟಬಾರದು.

"ನಮ್ಮೂರಿಂದ ತೆಂಗಿನಕಾಯಿ ಹೋಗ್ತಿತ್ತು, ಈಗ ಇದೂ ಹೊಂಟಿತಾ ಬೆಂಗ್ಳೂರ್ಗೆ?" ಅಂತ ಯಾರೋ ಅಂದರು. ಅಂಗಳವೆಲ್ಲ ನಕ್ಕಿತು.

ನಟರಾಜು ನಗಲಿಲ್ಲ. ಕಾವಲು ಅನ್ನುವ ಮಾತು ಅವನ ಎದೆಗೆ ನಾಟಿತ್ತು. ಅವ್ವ ಜೀವಮಾನವೆಲ್ಲ ಮೊಸರು ಉಂಡವಳು. ಅವಳ ಕರುಳಿನ ಕಾವಲು ಅವತ್ತು ಎಲ್ಲಿ ಸತ್ತಿತ್ತು? ಇದನ್ನು ಅವನು ದೇವರನ್ನು ಕೇಳಿದ್ದ, ಬೆಂಗಳೂರಿನ ಆಸ್ಪತ್ರೆಯ ಕಾಂಪೌಂಡು ಗೋಡೆಗೆ ಗುದ್ದಿ ಕೇಳಿದ್ದ. ಉತ್ತರ ಹುಡುಕುತ್ತೇವೆ ಅಂತ ಯಾರೋ ಊರಿಗೇ ಬಂದಿದ್ದಾರೆ. ಅವನು ಎಲ್ಲರಿಗಿಂತ ಮೊದಲು ಕೈಯೆತ್ತಿದ.

ಹಾಗಾಗಿ ಪರೀಕ್ಷೆ ನಡೆದಷ್ಟು ದಿನ ಅವ್ವನ ಮೊಸರು ಬಿಟ್ಟ. ಅಪ್ಪ ಎದುರಿಗೆ ಕೂತು ಸೊರಸೊರ ಮಜ್ಜಿಗೆ ಅನ್ನ ಉಣ್ಣುವಾಗ ಇವನು ಸಾರಿನಲ್ಲೇ ಮುದ್ದೆ ಮುಗಿಸಿ ಎದ್ದುಬಿಡುತ್ತಿದ್ದ. ಊರಿನಲ್ಲಿ ಮಿಕ್ಕವರು ಲೋಕೇಶನ ಎದುರಿಗೆ ಡಬ್ಬಿ ನೆಕ್ಕಿ, ಹೂಂ ಹೂಂ ಅಂದು, ಮನೆಗೆ ಹೋಗಿ ಚೊಂಬುಗಟ್ಟಲೆ ಮಜ್ಜಿಗೆ ಕುಡಿಯುತ್ತಿದ್ದರು. ಬಿಸಿಲಿಗೆ ದುಡಿದು ಬಂದವನು ಮಜ್ಜಿಗೆ ಬಿಡು ಅಂದರೆ ಬಿಡುತ್ತಾನೆಯೇ? ಬಿಟ್ಟವನು ಇವನೊಬ್ಬ.

ಇವತ್ತು ಕೊನೆಯ ದಿನ. ರಕ್ತ ತೆಗೆಯುವ ಮೊದಲು ಡಾಕ್ಟರಮ್ಮ ಕೇಳಿದರು, "ಯಾರಾದ್ರೂ ಮಧ್ಯ ಮನೆ ಮೊಸರು ತಿಂದಿದೀರಾ? ನಿಜ ಹೇಳಿ." ಎಲ್ಲರೂ ದೇವರಾಣೆ ಇಲ್ಲ ಅಂದರು. ಅಷ್ಟರಲ್ಲಿ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ನಿಂತಿದ್ದ ಕೆಂಚಮ್ಮ, ದೊಡ್ಡವರು ಕೇಳುತ್ತಿದ್ದಾರೆ, ಒಂದು ಒಳ್ಳೆಯ ಮಾತಾದರೂ ಆಡೋಣ ಅಂತ ಬಾಯಿಬಿಟ್ಟಳು.

"ನಿಮ್ ಡಬ್ಬಿ ಮೊಸ್ರಂತೂ ಬಲು ಪಸಂದಾಗೈತೆ ಕಣ್ರವ್ವಾ. ನಾನು ಅದ್ರಲ್ಲೇ ಹೆಪ್ಪು ಹಾಕಿವ್ನಿ. ಎಂಥಾ ಗಟ್ಟಿ ಅಂತೀರಿ! ಮಡಕೆ ಬೋರಲಾಕಿದ್ರೂ ಬೀಳಾಕಿಲ್ಲ. ಬೀದಿ ಬೀದಿಯೋರೆಲ್ಲಾ ನಮ್ಮನೆಯಿಂದ್ಲೇ ಹೆಪ್ಪು ಇಸ್ಕೊಂಡೋಗವ್ರೆ."

ಡಾಕ್ಟರಮ್ಮನ ಮುಖ ಬಿಳಿಚಿತು. ನೀಲಿಯವರ ಮನೆಯಲ್ಲೂ ಅದೇ, ಬಿಳಿಯವರ ಮನೆಯಲ್ಲೂ ಅದೇ. ಇಡೀ ಊರು ಒಂದೇ ಮಡಕೆಯದ್ದು ಉಂಡ ಮೇಲೆ ಒಬ್ಬರ ಹೊಟ್ಟೆಗೂ ಇನ್ನೊಬ್ಬರ ಹೊಟ್ಟೆಗೂ ಏನು ವ್ಯತ್ಯಾಸ ನೋಡುವುದು? ಅವರು ಕುರ್ಚಿಯ ಮೇಲೆ ಕುಸಿದು, "ಎಲ್ಲಾ ಹೋಯ್ತು ಲೋಕೇಶ್" ಅಂದರು. ಲೋಕೇಶ ಉರಿದುಹೋದ. ಡಬ್ಬಿ ಯಾರ ಮನೆಯದು? ನಟ್ಟನ ಮನೆಯದು.

ನಟರಾಜುವಿನ ಕಿವಿಗೆ ಅದ್ಯಾವುದೂ ಬೀಳಲಿಲ್ಲ. ಬಿದ್ದದ್ದು ಅತ್ತೆಯ ಒಂದೇ ಮಾತು, ಅದ್ರಲ್ಲೇ ಹೆಪ್ಪು ಹಾಕಿವ್ನಿ. ಹಾಗಾದರೆ ಅವ್ವಂದು? ಅವನು ಮನಸ್ಸಿನಲ್ಲೇ ಹುಡುಕಾಡಿದ. ಮಡಕೆಯಲ್ಲಿಲ್ಲ. ಅಪ್ಪನ ಹೊಟ್ಟೆಯಲ್ಲೂ ಇಲ್ಲ. ಆಗ ನೆನಪಾಯಿತು ಮೊದಲ ದಿನ ಕೊಟ್ಟ ಮಲದ ಡಬ್ಬಿ. ಅದನ್ನು ಕೊಟ್ಟ ಹಿಂದಿನ ದಿನವೂ ಅವನು ಅವ್ವನ ಮೊಸರು ಉಂಡಿದ್ದ. ಅದರೊಳಗೆ ಇರಲೇಬೇಕು. ಬೆಂಗಳೂರಿನಲ್ಲಿ ಐಸಿನಲ್ಲಿಟ್ಟಿದ್ದೇವೆ ಅಂತ ಇವರೇ ಹೇಳಿದ್ದರಲ್ಲ!

ಕೇಳಿದ. ಊರು ನಕ್ಕಿತು.

ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಸುಮ್ನಿರಿ ಲೋಕೇಶ್" ಅಂದು, ನಟರಾಜುವನ್ನು ಹತ್ತಿರ ಕರೆದರು. "ಅದನ್ನ ಅವತ್ತೇ ಔಷಧಿ ಹಾಕಿ ಸಾಯಿಸಿ ಇಟ್ಟಿರ್ತೀವಪ್ಪ. ಅದರಲ್ಲಿ ಜೀವ ಇಲ್ಲ. ಯಾವುದಕ್ಕೂ ಬರಲ್ಲ."

"ಹಂಗಾರೆ ನನ್ ಹೊಟ್ಟೆ ಒಳಗೆ? ಹುಟ್ಟಿದಾಗ್ಲಿಂದ ಉಂಡಿವ್ನಿ ಮೇಡಂ. ಒಸಿನಾದ್ರೂ ಇರಾಕಿಲ್ವಾ?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮೊಸರಿನ ಬ್ಯಾಕ್ಟೀರಿಯಾ ಹೊಟ್ಟೇಲಿ ಮನೆ ಮಾಡ್ಕೊಂಡು ಕೂರಲ್ಲ. ನೆಂಟರ ಹಾಗೆ, ಬಂದು ಹೋಗ್ತವೆ. ತಿನ್ನೋದು ನಿಲ್ಲಿಸಿದ್ರೆ ಸ್ವಲ್ಪ ದಿನಕ್ಕೆಲ್ಲ ಹೊರಟುಹೋಗ್ತವೆ. ಅವು ಇದ್ದಷ್ಟು ದಿನ ಕರುಳಿಗೆ ಏನಾದ್ರೂ ಕಲಿಸಿ ಹೋಗ್ತವಾ, ಆ ಕಾವಲು ಆಮೇಲೂ ಉಳಿಯುತ್ತಾ ಅಂತ... ಅದನ್ನ ತಿಳ್ಕೊಳ್ಳೋಕೇ ನಾವು ಬಂದಿದ್ದು. ಈಗ ಈ ಊರಲ್ಲಿ ಅದೂ ಆಗಲ್ಲ."

ಮನೆಯಲ್ಲಿ ಅವನು ಅತ್ತೆಯ ಮೇಲೆ ಹರಿಹಾಯ್ದ ಪರಿ ಹೇಳಬಾರದು. ಅಪ್ಪ ತೋಟಕ್ಕೆ ಹೋಗಿದ್ದ. ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಸೂರು ಹಾರಿಹೋಗುವ ಹಾಗೆ ಕೂಗಾಡಿದ.

"ಯಾವತ್ತು ಮಾಡ್ದೆ? ಯಾಕ್ ಮಾಡ್ದೆ? ಬೊಗಳು!"

ಕೆಂಚಮ್ಮ ಒಲೆಯ ಮುಂದೆ ಮುದುಡಿ ಕೂತಳು. "ಬೇಕು ಅಂತ ಮಾಡ್ದೆನಾ ಮಗಾ? ಅವತ್ತು ಹಾಲು ಆರಿರ್ಲಿಲ್ಲ. ಕಣ್ಣು ಕಾಣಾಕಿಲ್ಲ, ಬೆರಳು ಅದ್ದಿ ನೋಡ್ಲಿಲ್ಲ, ಹಂಗೇ ಹೆಪ್ಪು ಬುಟ್ಬುಟ್ಟೆ. ಬೆಳಿಗ್ಗೆ ನೋಡಿದ್ರೆ ಹಾಲು ಹಾಲಂಗೇ ಐತೆ, ವಾಸನೆ ಬಂದ್ಬುಟ್ಟೈತೆ. ಹಿಂದ್ಲ ದಿನದ್ದ ನಿಮ್ಮಪ್ಪ ಗೋರ್ಕೊಂಡ್ ಉಂಡಿದ್ದ. ಒಂದು ತೊಟ್ಟಿಲ್ಲ. ಎದೆ ಒಡೆದೋಯ್ತು ನಂಗೆ. ಗೂಡಲ್ಲಿ ನಿನ್ನ ಭಾನುವಾರದ ಡಬ್ಬಿ ಇತ್ತು..."

ನಟರಾಜುವಿಗೆ ಆ ಭಾನುವಾರ ನೆನಪಾಯಿತು. ಭಾನುವಾರ ಲೋಕೇಶ ಬರುವುದಿಲ್ಲವೆಂದು ಶನಿವಾರವೇ ಎರಡು ಡಬ್ಬಿ ಕೊಡುತ್ತಿದ್ದ. ಆ ದಿನ ಡಬ್ಬಿಯ ಮುಚ್ಚಳ ಕಿತ್ತಿತ್ತು, ಮೇಲೆ ಒಂದು ಚಮಚದ ಹಳ್ಳ. "ಅತ್ತೆ, ನಿಂಗೂ ಆಸೆ ಆಯ್ತಾ? ತಿನ್ನು, ಏನಾಯ್ತದೆ" ಅಂತ ತಾನೇ ನಕ್ಕಿದ್ದ.

"ಆಚೆ ಬೀದೀಲಿ ಯಾರನ್ನಾರ ಕೇಳಕಾಗ್ತಿರ್ಲಿಲ್ವಾ? ಅವ್ವ ಎಷ್ಟು ಮನೆಗೆ ಹೆಪ್ಪು ಕೊಟ್ಟಿದ್ಲು!"

"ಕೇಳಿದ್ರೆ ರಾಧಾಮಣಿ ಮನೆ ಮೊಸ್ರು ಕೆಟ್ಟೋಯ್ತಂತೆ ಅಂತ ಊರೆಲ್ಲ ಆಡ್ಕತಿತ್ತು. ನಿಮ್ಮಪ್ಪನ ಕಿವಿಗೆ ಬೀಳ್ತಿತ್ತು. ಅವನು ಅದ ಉಂಡು, ಅವಳ ಕೈ ಐತೆ ಅಂತಾನೆ ಕಣಪ್ಪ, ದಿನಾ ಅಂತಾನೆ. ನಿನ್ನೇನೂ ಅಂದ. ನನ್ನ ಒದ್ದಾಕು ಬೇಕಾರೆ, ಅವನಿಗೆ ಹೇಳ್ಬ್ಯಾಡ."

ಒದೆಯಲು ಕಾಲು ಬರಲಿಲ್ಲ. ಬಟ್ಟಲು ಹಿಡಿದು ಬೀದಿಗೆ ಬಿದ್ದ. ಅವ್ವನ ಹೆಪ್ಪು ತೆಗೆದುಕೊಂಡಿದ್ದ ಒಂದೊಂದು ಮನೆಯ ಬಾಗಿಲಲ್ಲೂ ನಿಂತ. ಹೆಪ್ಪು ಕೇಳಿ ಬಂದವರಿಗೆ ಇಲ್ಲ ಅನ್ನಬಾರದು ಅನ್ನುವುದು ಊರಿನ ರೂಢಿ, ಎಲ್ಲರೂ ಕೊಟ್ಟರು. ಬೆರಳು ಅದ್ದಿ ನಾಲಿಗೆಗೆ ಇಟ್ಟರೆ ಎಲ್ಲಾ ಮನೆಯದೂ ಡಬ್ಬಿಯ ರುಚಿ. ಗಟ್ಟಿ, ನುಣುಪು, ಸಿಹಿ. "ನಿಮ್ಮತ್ತೇದೇ ಕಣಪ್ಪ, ಹಳೇದಕ್ಕಿಂತ ಬಲು ಚೆಂದಾಗೈತೆ" ಅಂತ ಹೊಗಳಿ ಕಳಿಸಿದರು. ಒಂದು ಮನೆಯಲ್ಲಾದರೂ ಹಳೆಯದನ್ನು ಉಳಿಸಿಕೊಂಡವರಿರಲಿಲ್ಲ. ಯಾಕೆ ಉಳಿಸಿಕೊಳ್ಳಬೇಕು? ಅವರಿಗೆ ಅದು ಮೊಸರು.

ಆಗ ನೆನಪಾದದ್ದು ಮಾಗಡಿಯ ಗುಲ್ಜಾರ್ ಬೀ. ಅವಳ ಗಂಡ ಮುನಾವರ್ ರೇಷ್ಮೆ ನೂಲು ತೆಗೆಯುವವನು, ಗೂಡು ನೋಡಲು ಹುಣಸೆಪಾಳ್ಯಕ್ಕೆ ಬಂದು ಹೋಗುತ್ತಿದ್ದ. ಅವರ ಮಗಳು ಜುವೇರಿಯಾ ಚಿಕ್ಕವಳಿದ್ದಾಗ ಹೊಟ್ಟೆ ಕೆಟ್ಟು ಕಡ್ಡಿಯಾಗಿದ್ದಳು. ಆಗ ರಾಧಾಮಣಿ ಒಂದು ಚೊಂಬು ಮೊಸರು ಕಳಿಸಿ, ಇದನ್ನೇ ಹೆಪ್ಪು ಹಾಕಿ ದಿನಾ ಕೊಡಿ ಅಂದಿದ್ದಳು. ಮಗು ಮೊಸರಿನಿಂದ ಉಳಿಯಿತೋ ಮಾತ್ರೆಯಿಂದ ಉಳಿಯಿತೋ, ಆ ಮನೆಯವರು ಮಾತ್ರ ಹೆಪ್ಪು ಬಿಟ್ಟಿರಲಿಲ್ಲ ಅಂತ ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು.

ಆಟೋ ಹಾರಿಸಿಕೊಂಡು ಹೋದ. ನೂಲು ಯಂತ್ರದ ಸದ್ದು, ಬೆಂದ ಗೂಡಿನ ವಾಸನೆ ದಾಟಿ ಹಿತ್ತಲ ಬಾಗಿಲಿಗೆ ಬಂದರೆ ಗುಲ್ಜಾರ್ ಬೀ ಅಕ್ಕಿ ಆರಿಸುತ್ತಾ ಕೂತಿದ್ದಳು. ಇವನ ಮುಖ ನೋಡಿದವಳೇ ಮೊರ ಕೆಳಗಿಟ್ಟಳು.

"ಯಾ ಅಲ್ಲಾ, ಏನಾಯ್ತೋ ಬೇಟಾ? ಅಪ್ಪ ಚೆನ್ನಾಗವ್ರಾ?"

"ಅಪ್ಪ ಚೆನ್ನಾಗವ್ನೆ ಗುಲ್ಜಾರಮ್ಮ. ನಿಮ್ಮನೇಲಿ ಮೊಸ್ರು... ಅವ್ವ ಕೊಟ್ಟಿದ್ದು... ಐತಾ ಇನ್ನೂವೆ?"

"ಐತಾ ಅಂದ್ರೆ? ಅದಿಲ್ದೆ ನಮ್ಮನೇಲಿ ಯಾರಿಗೆ ಊಟ ಇಳೀತದೆ?"

ತಂದು ಅಂಗೈಗೆ ಹಾಕಿದಳು. ನಟರಾಜು ನೆಕ್ಕಿದ. ಮೊದಲು ಏನೂ ಇಲ್ಲ, ಬರೀ ತಂಪು. ನುಂಗಿದ ಮೇಲೆ, ನಾಲಿಗೆಯ ಬುಡದಲ್ಲಿ, ತಡವಾಗಿ ಬಂತು ಒಂದು ಹುಳಿ. ಅವ್ವನ ಮೊಸರಿನ ಹುಳಿಯೂ ಹೀಗೇ ಉಂಡವನನ್ನು ಹಿಂದಿನಿಂದ ಬಂದು ಹಿಡಿಯುತ್ತಿತ್ತು. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಅಂಗೈಯನ್ನು ಮುಖಕ್ಕೆ ಒತ್ತಿಕೊಂಡ.

ಗುಲ್ಜಾರ್ ಬೀ ಬೆನ್ನು ಸವರಿದಳು. "ಅಕ್ಕಂದೇ ಬೇಟಾ ಇದು. ಆದ್ರೆ ಸುಳ್ಳು ಯಾಕೆ ಹೇಳ್ಲಿ? ಜುವೇರಿಯಾನೇ ಮದ್ವೆಗೆ ಬಂದವ್ಳೆ, ಅಷ್ಟು ದಿನ ಆಗೋಯ್ತು. ನಮ್ಮ ಹಾಲು, ನಮ್ಮ ಪಾತ್ರೆ, ನನ್ನ ಕೈ. ಒಂಚೂರು ನಂದೂ ಆಗಿರ್ತದೆ."

"ಇರ್ಲಿ ಗುಲ್ಜಾರಮ್ಮ," ಅಂದ. "ಇದ್ರೆ ಇರ್ಲಿ."

ಗುಲ್ಜಾರ್ ಬೀ ಕೊಟ್ಟ ಹೆಪ್ಪಿನ ಪಾತ್ರೆಯನ್ನು ಪಕ್ಕದ ಸೀಟಿನಲ್ಲಿಟ್ಟು, ಅದರ ಮೇಲೆ ಟವೆಲ್ ಹೊದಿಸಿ, ಹಳ್ಳಕ್ಕೂ ಉಬ್ಬಿಗೂ ಎಳೆಮಗು ಇರುವ ಗಾಡಿಯಂತೆ ನಿಧಾನ ಮಾಡುತ್ತಾ ಬಂದ. ಸಂಜೆ ಹಾಲನ್ನು ತಾನೇ ಕಾಯಿಸಿ, ತಾನೇ ಆರಿಸಿದ. ಅವ್ವ ಮಾಡುತ್ತಿದ್ದಂತೆ ಕಿರುಬೆರಳು ಅದ್ದಿ, ಬೆರಳಿಗೆ ಬಿಸಿಯೂ ತಿಳಿಯದೆ ತಂಪೂ ತಿಳಿಯದೆ ಇರುವ ಹದ ನೋಡಿ, ಬೇರೆ ಪಾತ್ರೆಯಲ್ಲಿ ಹೆಪ್ಪು ಬಿಟ್ಟ. ಹಳೆಯ ಮಡಕೆಯಲ್ಲಿದ್ದ ಡಬ್ಬಿಯ ಮೊಸರನ್ನು ಒಯ್ದು ತೆಂಗಿನ ಬುಡಕ್ಕೆ ಸುರಿದ. ಮಡಕೆ ತೊಳೆದು, ಬೂದಿ ಹಾಕಿ ತಿಕ್ಕಿ, ಮತ್ತೆ ತೊಳೆದ. ಕೆಂಚಮ್ಮ ಗೋಡೆಗೊರಗಿ ನೋಡುತ್ತಿದ್ದಳು. ಲೋಕೇಶನ ಮಾತು ಕಿವಿಯಲ್ಲಿ ಇನ್ನೂ ಕೊರೆಯುತ್ತಿತ್ತು. ಆದರೂ ಎದೆಯೊಳಗೆ ಏನೋ ಒಂದಿಷ್ಟು ಸಡಿಲವಾಗಿತ್ತು. ಹುಡುಕ್ಕೋ ಹೋಗು ಅಂದೆಯಲ್ಲೋ ಬೋಳಿಮಗನೇ, ಹುಡುಕಿ ತಂದೆ ನೋಡು, ಅಂತ ಮನಸ್ಸಿನಲ್ಲೇ ಬೈದುಕೊಂಡ.

ಮಾರನೇ ದಿನ ಮಧ್ಯಾಹ್ನ ತೋಟದಿಂದ ಬಂದ ಅಪ್ಪ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತ. ಮುದ್ದೆ ಮುಗಿಯಿತು. ಅನ್ನಕ್ಕೆ ನಟರಾಜು ತಾನೇ ಮೊಸರು ಬಡಿಸಿ ಎದುರಿಗೆ ಕೂತ. ಇವತ್ತು ತನ್ನ ತಟ್ಟೆಗೂ ಹಾಕಿಕೊಂಡಿದ್ದ. ಅಪ್ಪ ಮೊದಲು ಉಣ್ಣಲಿ ಅಂತ ಕಾದ.

ಬೋರಲಿಂಗಯ್ಯ ಕಲಸಿ ಒಂದು ತುತ್ತು ಬಾಯಿಗಿಟ್ಟ. ದವಡೆ ನಿಂತಿತು.

"ಇದ್ಯಾರ್ ಮನೆ ಮೊಸ್ರು?"

"ನಮ್ದೇ ಕಣಪ್ಪ."

"ನನ್ ನಾಲ್ಗೆ ಇನ್ನೂ ಸತ್ತಿಲ್ಲ ಕಣ್ಲಾ. ಹುಳಿ ಹೊಡೀತಾ ಐತೆ. ನಿಮ್ಮವ್ವಂದು ನಿನ್ನೆಗಂಟ ಎಷ್ಟು ಗಟ್ಟಿಯಾಗಿ, ಎಷ್ಟು ಸೀಯಾಗಿತ್ತು!" ಅಪ್ಪ ತುತ್ತನ್ನು ತಟ್ಟೆಯ ಅಂಚಿಗೆ ಉಗಿದ. ಎದ್ದು ಅಡುಗೆಮನೆಗೆ ಹೋದ. ಅಲ್ಲಿ ನೆಲುವಿನ ಕೆಳಗೆ ಬೋರಲು ಹಾಕಿದ್ದ ತೊಳೆದ ಮಡಕೆಯನ್ನು ಎತ್ತಿ, ಒಳಗೆ ಕೈಯಾಡಿಸಿ, ಮೂಸಿ ನೋಡಿದ. ಹಾಗೇ ಮಡಕೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತ.

"ಯಾರು ತೊಳ್ದಿದ್ದು ಇದ?"

ಕೆಂಚಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಅವಳು ತಮ್ಮನ ಮುಖ ನೋಡಲಿಲ್ಲ. ನಟರಾಜುವಿನ ಮುಖ ನೋಡಿದಳು.

"ನಾನೇ ತೊಳ್ದೆ," ಅಂದ ನಟರಾಜು.

"ಅದ್ರೊಳಗಿದ್ದಿದ್ದು?"

"ಚೆಲ್ದೆ."

ಅಪ್ಪ ಖಾಲಿ ಮಡಕೆಯನ್ನು ಎದೆಗೆ ಅವಚಿಕೊಂಡ. "ಅವಳ್ದು ಅಂತ ಇದ್ದಿದ್ದು ಅದೊಂದೇ ಕಣ್ಲಾ ಈ ಮನೇಲಿ. ಇಷ್ಟು ದಿನ ನೀನು ಒಂದು ತೊಟ್ಟು ಮುಟ್ಟಲಿಲ್ಲ, ಹೋಗ್ಲಿ ಅಂದ್ಕಂಡೆ. ಚೆಲ್ಲೋ ಅಂಥದ್ದು ಏನಾಗಿತ್ಲಾ ನಿಂಗೆ? ನಿಮ್ಮವ್ವನ್ನ ಯಾಕ್ಲಾ ಚೆಲ್ದೆ?"

ಊರಿನಲ್ಲಿ ಒಬ್ಬನ ಮಾತಿಗೂ ತಲೆ ತಗ್ಗಿಸದವನ ನಾಲಿಗೆಯ ತುದಿಯಲ್ಲಿ ಎಲ್ಲಾ ಇತ್ತು. ಡಬ್ಬಿ, ಭಾನುವಾರ, ಅತ್ತೆ, ಗುಲ್ಜಾರ್ ಬೀ, ಇಷ್ಟು ದಿನ ನೀನು ಅವಳ ಕೈ ಅಂತ ಉಂಡದ್ದು ಯಾರ ಕೈಯದೂ ಅಲ್ಲ ಅನ್ನುವ ಮಾತು. ಒಂದೇ ಉಸಿರಿಗೆ ಹೇಳಿಬಿಡಬಹುದಿತ್ತು. ಹೇಳಿದರೆ ಅಪ್ಪನಿಗೆ ಅವ್ವ ಇನ್ನೊಂದು ಸಲ ಸಾಯುತ್ತಿದ್ದಳು.

ನಟರಾಜು ಎದ್ದ. ತನ್ನ ತಟ್ಟೆಯನ್ನು ಮುಟ್ಟಿರಲಿಲ್ಲ. ಚಪ್ಪಲಿ ಮೆಟ್ಟಿ ಹೊಸಿಲು ದಾಟಿದ.

"ಕೇಳ್ತಾ ಇರೋದು ನಾನು! ಹೇಳಿ ಹೋಗ್ಲಾ!"

ಅಂಗಳ ದಾಟಿ, ಆಟೋ ದಾಟಿ, ತೆಂಗಿನ ಸಾಲಿನ ನಡುವಿನ ಕಾಲುದಾರಿ ಹಿಡಿದು ಅವನು ತಿರುಗಿ ನೋಡದೆ ನಡೆದುಹೋದ.